ಅ ಆ ಇ ಈ ಬಿಟ್ಟು ರ ಗ ಸ ದ ಏಕೆ?

ಪ್ರಶ್ನೆ: ಮಗಳು ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿ. ಎರಡು ತಿಂಗಳಾದರೂ ಅವಳಿಗೆ ‘ಆ’ ಬರೆಯಲು ಬರುವುದಿಲ್ಲ. ‘ರ, ಗ, ಸ, ದ, ಅ’ ಎನ್ನುತ್ತಾಳೆ. ಈ ಅವಧಿಯಲ್ಲಿ ಏನನ್ನು ಕಲಿಸುತ್ತಾರೆ? ಟ್ಯೂಷನ್‌ಗೆ ಹಾಕಲೇ?

ಉತ್ತರ: ಬೇಡ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಆರಂಭವಾದ, ಆಟ-ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯ ಅಕ್ಷರಕ್ರಮವೇ ಇದು; ಇಷ್ಟು ವರ್ಷಗಳಾದರೂ ಪ್ರತಿ ಮಳೆಗಾಲದಲ್ಲಿ ನನಗೆ ಇದೇ ಪತ್ರ ಬರುತ್ತದೆ. ವರ್ಣಮಾಲೆಯ ಕ್ರಮದಲ್ಲಿ ಹೊರಟ ಮಗು ಒಂದು ಪದವನ್ನೂ ಓದುವ ಮೊದಲೇ ‘ಋ’, ‘ಔ’ಗಳನ್ನು ತಿದ್ದಿ ಬೇಸತ್ತಿರುತ್ತದೆ, ಆದರೆ ಈ ಐದೇ ಅಕ್ಷರ ಬಂದ ಮಗು ಸರ, ರಸ, ದರ, ಅರಸ, ಅಗಸ, ಗರಗಸ ಎಂದು ಅದೇ ವಾರ ಓದಬಲ್ಲದು. ಅ ದಿಂದ ಳ ವರೆಗೆ ಒಂದೇ ಉಸಿರಿಗೆ ಒಪ್ಪಿಸುವ ಮಕ್ಕಳಿಗೆ ‘ಸ’ವೊಂದನ್ನೇ ತೋರಿಸಿದರೆ, ಅವರು ಬೆರಳು ಮಡಚುತ್ತಾ ಮತ್ತೆ ‘ಅ’ದಿಂದ ಹೊರಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅದು ಓದಲ್ಲ, ಬಾಯಿಪಾಠ.

ಗಣಿತದಲ್ಲಿಯೂ ನೂರರವರೆಗೆ ಹೇಳಿಸಿ ನೆಂಟರ ಮುಂದೆ ಮೆರೆಸಬೇಡಿ. ಹತ್ತು ಕಡ್ಡಿಗಳನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ, ಪಕ್ಕದಲ್ಲಿ ಮೂರು ಬಿಡಿ ಕಡ್ಡಿಗಳನ್ನಿಟ್ಟಾಗ, ಕಟ್ಟನ್ನು ಬಿಚ್ಚಿ ಎಣಿಸದೆ ‘ಹದಿಮೂರು’ ಎಂದರೆ ಸಾಕು. ಪರಿಸರ ಅಧ್ಯಯನವೆಂದರೆ ಮನೆ, ಆಹಾರ, ಗಿಡಮರ, ಪ್ರಾಣಿಗಳ ಕುರಿತ ಮಾತು. ಅದಕ್ಕೆ ಗೈಡ್ ಕೊಳ್ಳುವವರಿಗೆ ನಾನೇನೂ ಹೇಳಲಾರೆ.

ಒಂದು ಎಚ್ಚರಿಕೆ: ದಸರಾ ರಜೆ ಬಂದರೂ ‘ಸರ’, ‘ರಸ’ಗಳ ವ್ಯತ್ಯಾಸ ತಿಳಿಯದಿದ್ದರೆ, ಟ್ಯೂಷನ್‌ಗಿಂತ ಮೊದಲು ಕಣ್ಣು ಮತ್ತು ಕಿವಿಗಳ ಪರೀಕ್ಷೆ ಮಾಡಿಸಿ. ‘ದೊಡ್ಡವಳಾದರೆ ಸರಿಹೋಗುತ್ತದೆ’ ಎಂದು ಕಾಯುವುದನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ: ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ‘ಮಿದುಳು ಜಾಗೃತಿ’ ತರಬೇತಿಗೆ ಮಗನನ್ನು ಸೇರಿಸಬಹುದೇ?

ಉತ್ತರ: ಮೂಗಿನ ಪಕ್ಕದ ಸಂದಿಯಿಂದ ಇಣುಕುವುದನ್ನು ವಿದ್ಯೆಯೆಂದು ಮಾರುವ ಠಕ್ಕರಿಗೆ ದುಡ್ಡು ಸುರಿಯಬೇಡಿ.

ಪ್ರಶ್ನೆ: ಎರಡನೇ ತರಗತಿಯ ಮಗನಿಗೆ ಶಿಕ್ಷಕರು ಹೋಂವರ್ಕ್ ಕೊಡುವುದೇ ಇಲ್ಲ. ದೂರು ಕೊಡಲೇ?

ಉತ್ತರ: 1 ಮತ್ತು 2ನೇ ತರಗತಿಗೆ ಹೋಂವರ್ಕ್ ಕೊಡಬಾರದೆಂದು ರಾಜ್ಯ ಸರ್ಕಾರವೇ 2019ರಲ್ಲಿ ಆದೇಶಿಸಿದೆ, ಆದೇಶ ಪಾಲಿಸಿದ್ದಕ್ಕೆ ಯಾರ ಮೇಲೆ ದೂರು ಕೊಡುತ್ತೀರಿ?