ನೇಪಾಳದಲ್ಲಿ ನಡೆದದ್ದು ಜಾತಿ ಯುದ್ಧವೇ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನೇಪಾಳದ ಮಾವೋವಾದಿ ಬಂಡಾಯ ಎಂದರೆ ಮೇಲ್ಜಾತಿಯ ಸೇನೆಗೂ ಕೆಳಜಾತಿಯ ಬಂಡುಕೋರರಿಗೂ ನಡೆದ ಕಾಳಗ ಎಂದು ಒಬ್ಬರು ವಾದಿಸಿದರು. ಇದು ಸರಿಯಾ?

ಉತ್ತರ: ಅರ್ಧ ಮಾತ್ರ ಸರಿ. ಸೇನೆಯ ದೊಡ್ಡ ಹುದ್ದೆಗಳಲ್ಲಿ ರಾಣಾ, ಠಕುರಿ, ಛೇತ್ರಿ ಎಂಬ ಮೇಲ್ಜಾತಿಯವರೇ ಜಾಸ್ತಿ ಇದ್ದರು. ಆದರೆ ಬಂಡಾಯದ ಮುಖಂಡರಾದ ಪ್ರಚಂಡ, ಬಾಬುರಾಮ್ ಭಟ್ಟರಾಯ್ ಇಬ್ಬರೂ ಬಾಹುನರು, ಅಂದರೆ ಬೆಟ್ಟದ ಬ್ರಾಹ್ಮಣರೇ ಅಲ್ವಾ? 1996ರ ಫೆಬ್ರವರಿಯಲ್ಲಿ ಶುರುವಾದ ಈ ಯುದ್ಧದಲ್ಲಿ ಬಂದೂಕು ಹೊತ್ತು ಮುಂದೆ ನಡೆದವರು ರೋಲ್ಪಾ, ರುಕುಮ್ ಎಂಬ ಬೆಟ್ಟದ ಜಿಲ್ಲೆಗಳ ಮಗರ್ ಬುಡಕಟ್ಟಿನವರು, ಆಮೇಲೆ ತರಾಯಿಯ, ಅಂದರೆ ದಕ್ಷಿಣದ ಬಯಲಿನ ಥಾರು ಬುಡಕಟ್ಟಿನವರು, ದಲಿತರು. ಸರ್ಕಾರದ ಕಡೆಯ ಸಾಮಾನ್ಯ ಸೈನಿಕರಲ್ಲೂ ಮಗರರು, ಗುರುಂಗರಂಥ ಬುಡಕಟ್ಟಿನವರು ಇದ್ದರು.

ಬುಡಕಟ್ಟಿನವರು, ದಲಿತರು ಸುಮ್ನೆ ಬಂಡಾಯಕ್ಕೆ ಸೇರಲಿಲ್ಲ. 1854ರ ಮುಲುಕಿ ಐನ್ ಎಂಬ ಕಾನೂನು ಜನಿವಾರದವರನ್ನು ಮೇಲಿಟ್ಟು, ಕೆಲವು ಬುಡಕಟ್ಟುಗಳನ್ನು ಗುಲಾಮರನ್ನಾಗಿ ಮಾಡಬಹುದು ಎಂದೇ ಬರೆದಿತ್ತು, ದಲಿತರು ಮುಟ್ಟಿದ ನೀರು ಕುಡಿಯಬಾರದು ಎಂದಿತ್ತು. 1963ರಲ್ಲಿ ಕಾನೂನು ಬದಲಾಯಿತು. ಜಮೀನು, ಕಚೇರಿ, ಸೇನೆ ಮಾತ್ರ ಹಳಬರ ಕೈಯಲ್ಲೇ ಉಳಿದವು.

ಪ್ರಶ್ನೆ: ಸೇನೆಯನ್ನೇ ಯಾಕೆ ದೂರುತ್ತೀರಿ? ಮಾವೋವಾದಿಗಳೂ ಅಮಾಯಕರನ್ನು ಕೊಂದಿಲ್ಲವೇ?

ಉತ್ತರ: ಕೊಂದಿದ್ದಾರೆ. 2005ರ ಜೂನ್‌ನಲ್ಲಿ ಚಿತ್ವನ್ ಜಿಲ್ಲೆಯ ಮಾಡಿಯಲ್ಲಿ ಜನ ತುಂಬಿದ ಬಸ್ಸನ್ನೇ ಸ್ಫೋಟಿಸಿದರು, 35ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೆ ಸೇನೆ ಕಾನೂನಿನ ಹೆಸರಲ್ಲಿ ಬಂದದ್ದು. 2001ರ ನವೆಂಬರ್‌ವರೆಗೆ ಹೋರಾಡುತ್ತಿದ್ದದ್ದು ಮುಖ್ಯವಾಗಿ ಪೊಲೀಸರು, ದಾಂಗ್‌ನ ಸೇನಾ ಶಿಬಿರದ ಮೇಲೆ ದಾಳಿಯಾದ ಮೇಲೆ ತುರ್ತು ಪರಿಸ್ಥಿತಿ ಘೋಷಿಸಿ ಸೇನೆಯನ್ನು ಇಳಿಸಿದರು. ಆಮೇಲೆ ಏನಾಯಿತು ಎಂದು ತಿಳಿಯಲು ತರಾಯಿಯ ಬರ್ದಿಯಾ ಜಿಲ್ಲೆಯನ್ನು ನೋಡಿ.

ಅಲ್ಲಿ ಬೆಟ್ಟದಿಂದ ಇಳಿದು ಬಂದ ಮೇಲ್ಜಾತಿಯವರು ಜಮೀನ್ದಾರರಾದರು, ಥಾರುಗಳು ಕಮೈಯಾ ಎಂಬ ಜೀತಕ್ಕೆ ಬಿದ್ದರು. ಆ ಜೀತ ರದ್ದಾದದ್ದು 2000ದಲ್ಲಿ! ಮರುವರ್ಷವೇ ಸೇನೆ ಬಂತು. ಜಿಲ್ಲೆಯಲ್ಲಿ ಥಾರುಗಳು ಸುಮಾರು ಅರ್ಧದಷ್ಟು. ಆದರೆ ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ 2008ರಲ್ಲಿ ಕೊಟ್ಟ ವರದಿಯ ಪ್ರಕಾರ, ಸೇನೆ ಮತ್ತು ಪೊಲೀಸರು ಎತ್ತಿಕೊಂಡು ಹೋಗಿ ನಾಪತ್ತೆಯಾದವರಲ್ಲಿ ಶೇ. 80ಕ್ಕಿಂತ ಹೆಚ್ಚು ಜನ ಥಾರುಗಳು. ಥಾರು ಅಂದರೆ ಮಾವೋವಾದಿ ಎಂಬ ಅನುಮಾನ ಸಾಕಾಗಿತ್ತು. ನನ್ನ ಆಕ್ಷೇಪ ಇರುವುದು ಇಲ್ಲೇ. ಯಾರನ್ನು ಅನುಮಾನಿಸಬೇಕು, ಯಾರ ದೂರಿಗೆ ಕಿವಿಕೊಡಬೇಕು ಎನ್ನುವುದನ್ನು ಜಾತಿ ನಿರ್ಧರಿಸಿತು.

ಪ್ರಶ್ನೆ: ಈಗ ಸೇನೆ ಬದಲಾಗಿದೆಯಾ?

ಉತ್ತರ: ಸ್ವಲ್ಪ. 2006ರಲ್ಲಿ ಶಾಂತಿ ಒಪ್ಪಂದವಾಗಿ ಯುದ್ಧ ಮುಗಿಯಿತು, 2009ರಲ್ಲಿ ಗುರುಂಗ್ ಬುಡಕಟ್ಟಿನ ಛತ್ರಮಾನ್ ಸಿಂಗ್ ಗುರುಂಗ್ ಸೇನಾ ಮುಖ್ಯಸ್ಥರಾದರು. ಭರ್ತಿಯಲ್ಲಿ ಮೀಸಲಾತಿಯೂ ಬಂತು. ವಿಶ್ವಸಂಸ್ಥೆ ಗುರುತಿಸಿದ 19,602 ಮಾವೋವಾದಿ ಹೋರಾಟಗಾರರಲ್ಲಿ ಕೊನೆಗೆ ಸೇನೆ ಸೇರಿದವರು 1,400ರ ಆಸುಪಾಸು. ನ್ಯಾಯದ ವಿಷಯ ಬೇರೆ. 2004ರಲ್ಲಿ ಕಾವ್ರೆ ಜಿಲ್ಲೆಯ 15 ವರ್ಷದ ಹುಡುಗಿಯೊಬ್ಬಳು ಸೇನೆಯ ವಶದಲ್ಲಿ ಸತ್ತಳು. ಮೂವರು ಅಧಿಕಾರಿಗಳು ತಪ್ಪಿತಸ್ಥರು ಎಂದು ಜಿಲ್ಲಾ ನ್ಯಾಯಾಲಯ ತೀರ್ಪು ಕೊಟ್ಟದ್ದು 2017ರಲ್ಲಿ, ಅದೂ ಅವರ ಗೈರುಹಾಜರಿಯಲ್ಲಿ.