ಏನೂ ಕಾಣದ ಕಾಡಿಗೆ ಯಾಕೆ ಹೋಗಬೇಕು?

ಓದುಗರ ಪತ್ರ:

ಸಂಪಾದಕರಿಗೆ ನಮಸ್ಕಾರ. ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ದಸರಾ ರಜೆಯಲ್ಲಿ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳ ಜೊತೆ ಮಲೆನಾಡಿನ ಒಂದು ವನ್ಯಧಾಮಕ್ಕೆ ಹೋಗಿದ್ದೆ. ಪರ್ಮಿಟ್‌ಗೆ ಒಂದು ವಾರ ಪರದಾಡಿದೆವು. ಗೇಟಿನ ಶೌಚಾಲಯಕ್ಕೆ ಬೀಗ. ಎರಡು ದಿನ ಬೆಟ್ಟ ಹತ್ತಿ ಇಳಿದರೂ ಒಂದು ಜಿಂಕೆ ಕೂಡ ಕಾಣಲಿಲ್ಲ. ದೊಡ್ಡ ಮೊಮ್ಮಗ ಸಣ್ಣ ಸ್ಪೀಕರ್‌ನಲ್ಲಿ ಹಾಡು ಹಾಕಿಕೊಂಡು ನಡೆಯುತ್ತಿದ್ದ. ಜೊತೆಗಿದ್ದ ಅರಣ್ಯ ಇಲಾಖೆಯ ವಾಚರ್ ಅದನ್ನು ಆಫ್ ಮಾಡಿಸಿದ. ಹುಡುಗನ ಮುಖ ಸಪ್ಪಗಾಯಿತು. ದುಡ್ಡು ಕೊಟ್ಟು ಹೋದವರಿಗೆ ಬಂಡೀಪುರದ ಹಾಗೆ ಇಲ್ಲೂ ಜೀಪ್ ಸಫಾರಿ ಮಾಡಬಾರದೆ? ಏನೂ ಕಾಣದ ಕಾಡಿಗೆ ಜನ ಯಾಕೆ ಹೋಗಬೇಕು?

(ಹೆಸರು ಬೇಡ ಎಂದಿರುವ ಓದುಗರು, ದಾವಣಗೆರೆ)

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಈ ತಿಂಗಳು ಬಂದ ಪತ್ರಗಳಲ್ಲಿ ಮನಸ್ಸಿಟ್ಟು ಬರೆದದ್ದು ಇದೇ. ಅದಕ್ಕೇ ಎರಡು ಸಾಲಿನಲ್ಲಿ ಉತ್ತರ ಕೊಟ್ಟು ಮುಗಿಸಲು ಮನಸ್ಸಾಗಲಿಲ್ಲ.

ಮೊದಲು ನಿಮ್ಮ ಪರವಾದ ಮಾತು. ಶೌಚಾಲಯದ ವಿಷಯ ನೂರಕ್ಕೆ ನೂರು ಸರಿ. ವಯಸ್ಸಾದವರು, ಹೆಣ್ಣುಮಕ್ಕಳು, ಚಿಕ್ಕ ಮಕ್ಕಳು ಬರುವ ಜಾಗದಲ್ಲಿ ಅದಕ್ಕೆ ಬೀಗ ಹಾಕಿಡುವುದು ತಪ್ಪು. ಪರ್ಮಿಟ್ ಪಡೆಯುವ ದಾರಿಯೂ ಇನ್ನಷ್ಟು ಸುಲಭವಾಗಬೇಕು. ಆದರೆ ಪರ್ಮಿಟ್ಟೇ ಬೇಡ ಎನ್ನಬೇಡಿ. 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರ ಪರ್ವತದ ದಾರಿ ಹೇಗಿತ್ತು ಎಂಬುದನ್ನು ನೀವೂ ಫೋಟೊಗಳಲ್ಲಿ ನೋಡಿರುತ್ತೀರಿ. ಪುಷ್ಪಗಿರಿ ವನ್ಯಧಾಮದ ಆ ಕಾಲುದಾರಿಯಲ್ಲಿ ಜಾತ್ರೆಯ ಸಾಲಿನಂತೆ ಸಾವಿರಾರು ಜನ. ಅದಾದ ಮೇಲೆಯೇ ಚಾರಣಕ್ಕೆ ಮಿತಿ, ಆನ್‌ಲೈನ್ ಬುಕಿಂಗ್ ಎಲ್ಲ ಬಿಗಿಯಾದದ್ದು. ನಿಮ್ಮ ಒಂದು ವಾರದ ಪರದಾಟಕ್ಕೆ ಆ ಜನಜಂಗುಳಿಯೂ ಒಂದು ಕಾರಣ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ಏನೂ ಕಾಣಲಿಲ್ಲ ಅಂದಿರಿ.

ಬಂಡೀಪುರ ಬೇರೆ ಕಾಡು, ಮೇಷ್ಟ್ರೇ. ಅಲ್ಲಿ ಮಳೆ ಕಡಿಮೆ. ಬೇಸಿಗೆಯಲ್ಲಿ ಮರಗಳು ಎಲೆ ಉದುರಿಸುತ್ತವೆ, ಕಣ್ಣು ದೂರದವರೆಗೆ ಹೋಗುತ್ತದೆ. ಕೆರೆಗಳಿವೆ, ನೀರಿಗೆ ಪ್ರಾಣಿಗಳು ಬಂದೇ ಬರುತ್ತವೆ. ಘಟ್ಟದ ನೆತ್ತಿಯ ಕಾಡು ಹಾಗಲ್ಲ. ಆಗುಂಬೆ, ಕುದುರೆಮುಖದ ಕಡೆ ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುತ್ತದೆ. ಮರಗಳು ಒಟ್ಟಿಗೆ ಎಲೆ ಉದುರಿಸುವುದೇ ಇಲ್ಲ. ಹಗಲಲ್ಲೂ ಒಳಗೆ ಮಬ್ಬು. ಹತ್ತು ಮಾರು ದೂರದಲ್ಲಿ ಕಾಟಿ, ಅಂದರೆ ಕಾಡುಕೋಣ, ನಿಂತಿದ್ದರೂ ನಿಮಗೆ ತಿಳಿಯುವುದಿಲ್ಲ. ಇನ್ನು ಇಲ್ಲಿನ ಜೀವರಾಶಿಯಲ್ಲಿ ಎಷ್ಟೋ ಪಾಲು ನಿಮ್ಮ ತಲೆಯ ಮೇಲೆ, ಮೂವತ್ತು ಮೀಟರ್ ಎತ್ತರದಲ್ಲಿ ಬದುಕುತ್ತದೆ. ನಮ್ಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಸಿಂಗಳೀಕ ನೆಲಕ್ಕೆ ಇಳಿಯುವುದೇ ಅಪರೂಪ. ಜೀಪ್ ತಂದರೆ ಅದು ಮರ ಹತ್ತುತ್ತದೆಯೇ?

ಈ ಕಾಡಿಗೆ ಕಣ್ಣಿಗಿಂತ ಕಿವಿ ಮುಖ್ಯ. ಹೀಗೆಂದು ನಾನು ಮೂವತ್ತು ವರ್ಷದಿಂದ ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ. ನನಗೆ ಇದನ್ನು ಕಲಿಸಿದವರು ಭದ್ರಾ ಅಭಯಾರಣ್ಯದ ಮುತ್ತೋಡಿಯಲ್ಲಿ ಸಿಕ್ಕ ಒಬ್ಬ ವಾಚರ್. ಸಂಜೆ ಹಳ್ಳದ ಪಕ್ಕ ಕೂತಿದ್ದೆವು. ನಾನು ಏನೋ ಮಾತಾಡುತ್ತಿದ್ದೆ. ಅವರು ನನ್ನ ಮೊಣಕಾಲು ಒತ್ತಿ ಸುಮ್ಮನಾಗಿಸಿದರು. ಆಚೆ ದಡದ ಮರದಲ್ಲಿ ಒಂದು ಮುಸಿಯ, ಅಂದರೆ ಕಪ್ಪು ಮೋರೆಯ ಕೋತಿ, ಗಟ್ಟಿಯಾಗಿ ಕೆಮ್ಮಿದ ಹಾಗೆ ಕೂಗಿತು. ಸ್ವಲ್ಪ ಹೊತ್ತಿಗೆ ಇನ್ನೊಂದು, ಇನ್ನಷ್ಟು ಮೇಲಿನಿಂದ. ಆಮೇಲೆ ಗುಡ್ಡದ ಓರೆಯಲ್ಲಿ ಕಡವೆ ಒಂದೇ ಸಲ, ಢಾಣ್ ಎಂದು. "ನಮ್ಮನ್ನ ನೋಡ್ತು, ಹಳ್ಳ ದಾಟಲಿಲ್ಲ. ಗುಡ್ಡ ಹತ್ತಿ ಹೋಯ್ತು" ಅಂದರು. ಬೆಳಿಗ್ಗೆ ಹೋಗಿ ನೋಡಿದರೆ ಒದ್ದೆ ಮರಳಿನಲ್ಲಿ ಹುಲಿಯ ಹೆಜ್ಜೆ. ನೀರಿನವರೆಗೆ ಬಂದು ತಿರುಗಿತ್ತು.

ಆ ಹುಲಿಯನ್ನು ನಾನು ನೋಡಲಿಲ್ಲ. ಆದರೆ ಆಮೇಲೆ ಸಫಾರಿಯಲ್ಲಿ ಕಂಡ ಹುಲಿಗಳೆಲ್ಲ ಒಂದೊಂದಾಗಿ ಮರೆತುಹೋಗುತ್ತಿವೆ, ಇದು ಮಾತ್ರ ಹಾಗೇ ಉಳಿದಿದೆ.

ನಿಮ್ಮ ಮೊಮ್ಮಗನ ಹಾಡಿನ ಅಡಿಯಲ್ಲಿ ಏನೇನು ಮುಚ್ಚಿಹೋಗಿರಬಹುದು, ಯೋಚಿಸಿ. ಬಾಲದಲ್ಲಿ ಎರಡು ಉದ್ದ ಗರಿ ನೇತಾಡುವ ಕಾಜಾಣ ಇದೆಯಲ್ಲ, ಅದು ಬೇರೆ ಹಕ್ಕಿಗಳ ದನಿಯನ್ನೆಲ್ಲ ಕದ್ದು ಕೂಗುತ್ತದೆ. ಒಂದೇ ಕೊಂಬೆಯಲ್ಲಿ ಐದು ಹಕ್ಕಿಗಳಿವೆ ಅನ್ನಿಸಿ, ಕೊನೆಗೆ ಹಾರಿಹೋಗುವುದು ಒಂದೇ. ದೊಡ್ಡ ಮಂಗಟ್ಟೆ ಮರದ ಮೇಲೆ ಹಾದುಹೋದರೆ ಅದರ ರೆಕ್ಕೆಯ ಸದ್ದು ಹಳೇ ಉಗಿಬಂಡಿಯ ಏದುಸಿರಿನ ಹಾಗೆ ಕೇಳುತ್ತದೆ. ಹಕ್ಕಿ ಕಾಣುವ ಮೊದಲೇ ಕೇಳುತ್ತದೆ. ಹಳ್ಳದ ಬಂಡೆ ಮೇಲೆ ಸಿಳ್ಳಾರ ಹಕ್ಕಿ, ಶಾಲೆ ತಪ್ಪಿಸಿಕೊಂಡ ಹುಡುಗನ ಹಾಗೆ ತನ್ನಷ್ಟಕ್ಕೆ ಸಿಳ್ಳೆ ಹಾಕುತ್ತಿರುತ್ತದೆ. ಜೀರುಂಡೆ ನಿಂತಾಗ ಕಾಡೇ ಉಸಿರು ಹಿಡಿದ ಹಾಗಾಗುತ್ತದೆ.

ಒಂದು ಕಪ್ಪೆಯ ಕತೆ ಹೇಳಲೇಬೇಕು. ಚಾರ್ಮಾಡಿ ಘಾಟಿಯ ನೆತ್ತಿಯಲ್ಲಿರುವ ಕೊಟ್ಟಿಗೆಹಾರದಲ್ಲಿ ನೀವೂ ನೀರುದೋಸೆ ತಿಂದಿರಬಹುದು. ಆ ಊರಿನ ಹೆಸರು ಹೊತ್ತ ಕಪ್ಪೆಯೊಂದಿದೆ. 1937ರಲ್ಲಿ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದವರು ಸಿ. ಆರ್. ನಾರಾಯಣ ರಾವ್. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರಾಗಿದ್ದವರು. 1932ರಲ್ಲಿ ಶುರುವಾದ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ನಿಮ್ಮ ಕಸುಬು, ನನ್ನ ಕಸುಬು ಎರಡೂ ಒಬ್ಬರಲ್ಲೇ ಇತ್ತು ನೋಡಿ. ಈ ಕಪ್ಪೆ ಹೆಬ್ಬೆರಳ ಒಂದು ಗೆಣ್ಣಿನಷ್ಟು. ರಭಸದ ಹಳ್ಳದ ಬಂಡೆಯ ಮೇಲೆ ಕೂತು ಗಂಡು ಹೆಣ್ಣನ್ನು ಕರೆಯುತ್ತದೆ. ಆದರೆ ನೀರಿನ ಮೊರೆತದಲ್ಲಿ ಕೂಗೊಂದೇ ಸಾಲದು. ಅದಕ್ಕೆ ಹಿಂಗಾಲನ್ನು ಚಾಚಿ ಬಾವುಟದ ಹಾಗೆ ಬೀಸುತ್ತದೆ. ಕುಣಿಯುವ ಕಪ್ಪೆ ಎಂಬ ಹೆಸರು ಬಂದದ್ದು ಹಾಗೆ. ಇದೇ ಕುಲದ 14 ಹೊಸ ಜಾತಿಗಳನ್ನು ಪಶ್ಚಿಮ ಘಟ್ಟದಿಂದ 2014ರಲ್ಲಿ ಕಪ್ಪೆ ತಜ್ಞ ಎಸ್. ಡಿ. ಬಿಜು ಅವರ ತಂಡ ವಿವರಿಸಿತು. ಮಳೆ ಇಳಿದು ಹಳ್ಳ ತಿಳಿಯಾಗುವ ಹೊತ್ತು ಅದರ ಕುಣಿತದ ಕಾಲ. ಅಂದರೆ ನೀವು ಹೋದ ದಸರಾ ಆಸುಪಾಸು.

ಹಳ್ಳದ ಸದ್ದಿಗೆ ಹೊಂದಿಕೊಳ್ಳಲು ಆ ಜೀವಕ್ಕೆ ಎಷ್ಟು ಸಾವಿರ ತಲೆಮಾರು ಹಿಡಿಯಿತೋ. ನಮ್ಮ ಸ್ಪೀಕರ್‌ಗೆ ಹೊಂದಿಕೊಳ್ಳಲು ಯಾವ ಪ್ರಾಣಿಗೂ ನಾವು ಅಷ್ಟು ಕಾಲ ಕೊಟ್ಟಿಲ್ಲ.

"ಒಂದು ಸಣ್ಣ ಸ್ಪೀಕರ್‌ನಿಂದ ಏನಾಗುತ್ತೆ" ಎಂದು ನೀವು ಕೇಳಬಹುದು. ಅಮೆರಿಕದ ಐಡಹೊ ರಾಜ್ಯದ ಒಂದು ಬೆಟ್ಟದ ಏಣಿನ ಮೇಲೆ ಸಂಶೋಧಕರು ಅರ್ಧ ಕಿಲೋಮೀಟರ್ ಉದ್ದಕ್ಕೆ ಸ್ಪೀಕರ್ ಸಾಲು ಕಟ್ಟಿ, ವಾಹನ ಓಡಾಟದ ಸದ್ದನ್ನು ಹಾಕಿದರು. ಅಲ್ಲಿ ರಸ್ತೆ ಇಲ್ಲ, ಹೊಗೆ ಇಲ್ಲ, ಕಡಿದ ಮರ ಇಲ್ಲ. ಬರೀ ಸದ್ದು. ನಾಲ್ಕು ದಿನ ಹಾಕುವುದು, ನಾಲ್ಕು ದಿನ ನಿಲ್ಲಿಸುವುದು. 2013ರಲ್ಲಿ ಫಲಿತಾಂಶ ಬಂತು: ಸದ್ದಿದ್ದ ದಿನಗಳಲ್ಲಿ ಹಕ್ಕಿಗಳ ಸಂಖ್ಯೆ ಕಾಲು ಭಾಗಕ್ಕಿಂತ ಜಾಸ್ತಿ ಇಳಿದಿತ್ತು. ಇನ್ನೂ ನೋವಿನ ಸಂಗತಿ ಅಂದರೆ, ಬಿಟ್ಟು ಹೋಗದೆ ಉಳಿದ ಹಕ್ಕಿಗಳೂ ಸೊರಗಿದವು. ಬೇಟೆಗಾರ ಬರುವ ಸದ್ದು ಕೇಳಿಸುವುದಿಲ್ಲವಲ್ಲ, ಅದಕ್ಕೆ ಪದೇ ಪದೇ ತಲೆ ಎತ್ತಿ ನೋಡಬೇಕು. ತಿನ್ನುವ ಹೊತ್ತು ಕಾವಲಿಗೇ ಹೋಯಿತು.

ಮುತ್ತೋಡಿಯ ಮುಸಿಯವನ್ನು ಇಲ್ಲಿ ನೆನಪಿಸಿಕೊಳ್ಳಿ. ಅದರ ಕೂಗು ಕಡವೆಗೆ ಕೇಳಬೇಕು. ಕಡವೆಯದು ಕಾಡುಕುರಿಗೆ ಕೇಳಬೇಕು. ಕಾಡಿನಲ್ಲಿ ಇದು ಜೀವ ಉಳಿಸುವ ಸುದ್ದಿ. ಅದನ್ನು ಮುಚ್ಚುವ ಹಕ್ಕು ಟಿಕೆಟ್‌ನ ಜೊತೆ ಬರುವುದಿಲ್ಲ.

ಟಿಕೆಟ್ ಎಂದೆನಲ್ಲ, ದುಡ್ಡಿನ ಮಾತನ್ನೂ ಆಡಿಬಿಡೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಸೆಕ್ಷನ್, ಹೊರಗಿನವರು ವನ್ಯಧಾಮದೊಳಗೆ ಹೋಗಲು ಯಾವ ಯಾವ ಕಾರಣಕ್ಕೆ ಅನುಮತಿ ಕೊಡಬಹುದು ಎಂದು ಹೇಳುತ್ತದೆ. ವನ್ಯಜೀವಿಗಳ ಅಧ್ಯಯನ, ಛಾಯಾಗ್ರಹಣ, ವೈಜ್ಞಾನಿಕ ಸಂಶೋಧನೆ, ಆಮೇಲೆ ಪ್ರವಾಸ, ಕೊನೆಗೆ ಒಳಗೆ ವಾಸಿಸುವವರ ಜೊತೆಗಿನ ವ್ಯವಹಾರ. ರಾಷ್ಟ್ರೀಯ ಉದ್ಯಾನಕ್ಕೂ ಇದೇ ಅನ್ವಯ. ನಾವು ನಾಲ್ಕನೇ ಸಾಲಿನವರು, ಮೇಷ್ಟ್ರೇ. ಅದೇ ಕಾಯ್ದೆ ಪ್ರಾಣಿಗಳನ್ನು ಕೆಣಕಬಾರದು, ಕಸ ಹಾಕಬಾರದು ಎಂದೂ ಹೇಳುತ್ತದೆ. ನಾವು ಕೊಡುವ ದುಡ್ಡು ಒಳಗೆ ಕಾಲಿಡುವ ಅನುಮತಿಗೆ. ಪ್ರಾಣಿ ತೋರಿಸುತ್ತೇವೆ ಎಂಬ ಕರಾರು ಅದರಲ್ಲಿಲ್ಲ.

ಹಾಗೆ ನೋಡಿದರೆ ಕಾನೂನಿನ ಮೇಲೆ ನನಗೂ ಒಂದು ದೂರಿದೆ. 2000ದಲ್ಲಿ ಬಂದ ಶಬ್ದ ಮಾಲಿನ್ಯ ನಿಯಮಗಳಲ್ಲಿ ಆಸ್ಪತ್ರೆ, ಶಾಲೆ, ಕೋರ್ಟ್‌ಗಳ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯ ಎಂದು ಘೋಷಿಸಬಹುದು ಎಂದಿದೆ. ಬೇರೆ ಜಾಗಗಳನ್ನೂ ಸರ್ಕಾರ ಹಾಗೆ ಘೋಷಿಸಬಹುದು ಎಂದೂ ಇದೆ. ನಮ್ಮ ಅಭಯಾರಣ್ಯಗಳ ಗೇಟಿನಿಂದಲೇ ಅದು ಶುರುವಾಗಬೇಕು. ಘಾಟಿಯ ತಿರುವಿಗೊಂದು 'ಹಾರ್ನ್ ಮಾಡಿ' ಫಲಕ ಇದೆ, ಅದು ಬೇಕಾದದ್ದೇ. ಆದರೆ ಮಂಗಗಳಿಗೆ ಬಾಳೆಹಣ್ಣು ಎಸೆಯಲು ಕಾರು ನಿಲ್ಲಿಸಿ, ಬಾಗಿಲು ತೆರೆದು, ಹಾಡು ಜೋರು ಮಾಡಿ ಕುಣಿಯುತ್ತಾರಲ್ಲ, ಅದಕ್ಕೆ ಯಾವ ಫಲಕವೂ ಸಾಲುತ್ತಿಲ್ಲ. ಹಣ್ಣಿನ ಆಸೆಗೆ ರಸ್ತೆಗಿಳಿದ ಮಂಗ ಮುಂದಿನ ತಿರುವಿನಲ್ಲಿ ಚಕ್ರಕ್ಕೆ ಸಿಕ್ಕಿ ಸಾಯುತ್ತದೆ. ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ. ತಾಯಿಯ ಹೊಟ್ಟೆಗೆ ಮರಿ ಅಂಟಿಕೊಂಡೇ ಇತ್ತು.

ಕುದುರೆಮುಖದ ಗಣಿ ನಿಲ್ಲಿಸಲು ಈ ನಾಡಿನ ಜನ ಎಷ್ಟು ವರ್ಷ ಹೋರಾಡಿದರು! ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 2005ರ ಕೊನೆಗೆ ಯಂತ್ರಗಳು ನಿಂತವು. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಬೆಟ್ಟಸಾಲಿಗೆ ಅದರ ಮೌನ ವಾಪಸ್ ಸಿಕ್ಕಿತು. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಎಂದು ಗುರುತಿಸಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಕುದುರೆಮುಖವೂ ಇದೆ. ಯಂತ್ರ ಇಳಿಸಿದ ಬೆಟ್ಟಕ್ಕೆ ಈಗ ನಾವೇ ಬೆನ್ನಚೀಲದಲ್ಲಿ ಸ್ಪೀಕರ್ ಹೊತ್ತು ಹತ್ತುತ್ತಿದ್ದೇವೆ. ಇದು ನನಗೆ ನುಂಗಲಾರದ ತುತ್ತು.

ತಪ್ಪು ಮಕ್ಕಳದ್ದು ಮಾತ್ರ ಅನ್ನಲಾರೆ. ಮನೆಯಲ್ಲಿ ಟಿವಿ ಆಫ್ ಆಗುವುದೇ ಇಲ್ಲ. ಮದುವೆಗೆ ಹೋದರೆ ಪಕ್ಕದವರ ಮಾತು ಕೇಳುವುದಿಲ್ಲ, ಎದೆ ನಡುಗುವಷ್ಟು ಡಿಜೆ. ಬಸ್ಸಿನಲ್ಲಿ ಹತ್ತು ಜನ ಹತ್ತು ರೀಲ್ಸ್ ಗಟ್ಟಿಯಾಗಿ ನೋಡುತ್ತಾರೆ. ಸುಮ್ನೆ ಕೂರುವುದನ್ನು ನಾವು ಯಾರೂ ಆ ಮಕ್ಕಳಿಗೆ ತೋರಿಸಿಕೊಟ್ಟಿಲ್ಲ. ಪತ್ರಿಕೆಯವರ ಪಾಲೂ ಇದೆ. ಕಾಡಿನ ವಿಶೇಷಾಂಕ ಎಂದರೆ ಮುಖಪುಟಕ್ಕೆ ಹುಲಿಯೇ. ವರ್ಷ ವರ್ಷ ಹುಲಿ, ಆನೆ ತೋರಿಸಿ, ಕಾಡೆಂದರೆ ದೊಡ್ಡ ಪ್ರಾಣಿ ಕಾಣುವ ಜಾಗ ಎಂದು ಓದುಗರಿಗೆ ಹೇಳಿಕೊಟ್ಟವರು ನಾವೇ.

ಆ ವಾಚರ್ ಬಗ್ಗೆ ಒಂದು ಮಾತು. ನಿಮ್ಮ ಕಾಗದದಲ್ಲಿ ಅವರನ್ನು ಏಕವಚನದಲ್ಲಿ ಬರೆದಿದ್ದೀರಿ. ಬೇಸರದಲ್ಲಿ ಬಂದಿರಬೇಕು. ಈ ಕೆಲಸ ಮಾಡುವವರಲ್ಲಿ ತುಂಬಾ ಜನ ದಿನಗೂಲಿಯವರು. ಉಂಬಳ ಕಚ್ಚಿಸಿಕೊಂಡು ಮಳೆಯಲ್ಲಿ ಗಸ್ತು, ಬೇಸಿಗೆಯಲ್ಲಿ ಸೊಪ್ಪಿನ ಕಟ್ಟು ಹಿಡಿದು ಬೆಂಕಿ ಬಡಿಯುವುದು, ಮನೆ ಬಿಟ್ಟು ವಾರಗಟ್ಟಲೆ ಕಳ್ಳಬೇಟೆ ತಡೆ ಶಿಬಿರದಲ್ಲಿ ಕಾವಲು. ಅವರಿಗೆ ನಿಮ್ಮ ಮೊಮ್ಮಗನ ಮೇಲೆ ಯಾವ ದ್ವೇಷವೂ ಇರಲಿಲ್ಲ. ಪಾಠದ ನಡುವೆ ಹಿಂದಿನ ಬೆಂಚಿನ ಗದ್ದಲವನ್ನು ನೀವು ಎಷ್ಟು ಸಲ ನಿಲ್ಲಿಸಿದ್ದೀರಿ, ಮೇಷ್ಟ್ರೇ? ಕೇಳುವ ಮಕ್ಕಳಿಗೆ ಅನ್ಯಾಯ ಆಗಬಾರದು ಅಂತ ತಾನೆ? ಅವರು ಮಾಡಿದ್ದೂ ಅದನ್ನೇ.

ಮೂವತ್ತೈದು ನಿಮಿಷದ ಪೀರಿಯಡ್‌ನಲ್ಲಿ ಅರವತ್ತು ಮಕ್ಕಳನ್ನು ಸುಮ್ಮನೆ ಕೂರಿಸಿದ ನಿಮಗೆ ಇಬ್ಬರು ಮೊಮ್ಮಕ್ಕಳು ದೊಡ್ಡ ಮಾತಲ್ಲ, ಅಲ್ವಾ? ಸಂಕ್ರಾಂತಿ ಕಳೆದ ಮೇಲೆ ಒಂದು ಸಲ ಮುತ್ತೋಡಿಗೆ ಕರೆದುಕೊಂಡು ಹೋಗಿ. ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೆ ಅಲ್ಲಿರಿ, ಬಿಸಿಲೇರಿದರೆ ಹಕ್ಕಿಗಳು ಮಾತು ಕಡಿಮೆ ಮಾಡುತ್ತವೆ. ತುಂಬುತೋಳಿನ ಅಂಗಿ ಹಾಕಿಸಿ, ಮಂಗನ ಕಾಯಿಲೆ ಹರಡುವ ಉಣ್ಣೆಗಳು ಹೆಚ್ಚುವ ಕಾಲ ಅದು. ಫೋನುಗಳು ಗಾಡಿಯಲ್ಲೇ ಇರಲಿ. ಸಿಬ್ಬಂದಿ ತೋರಿಸಿದ ಜಾಗದಲ್ಲಿ ಮಕ್ಕಳನ್ನು ಕೂರಿಸಿ, ಹತ್ತು ನಿಮಿಷ ಕಣ್ಣು ಮುಚ್ಚಿಸಿ. ಕೇಳಿದ ಒಂದೊಂದು ಸದ್ದಿಗೂ ಒಂದೊಂದು ಬೆರಳು ಮಡಚಲಿ. ಯಾವ ಹಕ್ಕಿ, ಯಾವ ಪ್ರಾಣಿ ಎಂದು ಗೊತ್ತಿರಬೇಕಾಗಿಲ್ಲ. 'ಬಾಗಿಲು ಕಿರುಗುಟ್ಟಿದ ಹಾಗೆ', 'ಅಜ್ಜ ಕೆಮ್ಮಿದ ಹಾಗೆ' ಎಂದು ಬರೆದರೂ ಸಾಕು.

ಆ ಪಟ್ಟಿಯನ್ನು ನಮಗೆ ಕಳಿಸಿ. ಮಕ್ಕಳ ಕೈಬರಹದಲ್ಲೇ ಅಚ್ಚು ಹಾಕುತ್ತೇವೆ. ಯಾವ ಸದ್ದು ಯಾರದ್ದಿರಬಹುದು ಎಂದು ಹಕ್ಕಿ ಬಲ್ಲ ನಮ್ಮ ಓದುಗರು ಉತ್ತರ ಬರೆಯುತ್ತಾರೆ.