ಜಿಐ ಹುಟ್ಟಿದ್ದು ಬಕೆಟ್ಟಿನಲ್ಲಿ

ನಮಸ್ಕಾರ. ಅಮೆರಿಕದ ಸೈನಿಕರಿಗೆ 'ಜಿಐ' ಎಂಬ ಅಡ್ಡಹೆಸರು ಹೇಗೆ ಬಂತು ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಹಾಕಲಾರೆ.

'ಜಿಐ ಎಂದರೆ ಗವರ್ನಮೆಂಟ್ ಇಶ್ಯೂ, ಸರ್ಕಾರ ಕೊಟ್ಟದ್ದು. ಸರ್ಕಾರದ ಕಣ್ಣಿಗೆ ಸೈನಿಕನೂ ಒಂದು ಸಾಮಾನು' ಎಂದು ಮೊದಲ ಸಾಲಿನಲ್ಲೇ ತೀರ್ಪು ಕೊಟ್ಟು, ನಾಲ್ಕು ಪುಟ ಮರುಗಿದ್ದೀರಿ. ಆ ಅರ್ಥ ಆಮೇಲೆ ಅಂಟಿಕೊಂಡದ್ದು. ಮೊದಲು ಅದು ಗ್ಯಾಲ್ವನೈಸ್ಡ್ ಐರನ್, ಸತುವಿನ ಲೇಪ ಕೊಟ್ಟ ಕಬ್ಬಿಣ. ನಿಮ್ಮ ತಂದೆಯವರದು ಹಾರ್ಡ್‌ವೇರ್ ಅಂಗಡಿ ಅಂತ ಜೊತೆಗಿನ ಪತ್ರದಲ್ಲಿ ಬರೆದಿದ್ದೀರಲ್ಲ, ಅಲ್ಲಿ 'ಅರ್ಧ ಇಂಚು ಜಿಐ ಪೈಪು ಕೊಡಿ' ಅಂತ ಕೇಳುವವರ ಜಿಐ ಇದೇ! ಕಳೆದ ಶತಮಾನದ ಆರಂಭದಲ್ಲಿ ಅಮೆರಿಕದ ಸೇನೆಯ ದಾಸ್ತಾನು ಪಟ್ಟಿಗಳಲ್ಲಿ ಬಕೆಟ್ಟು, ಕಸದ ಡಬ್ಬಿಗಳಿಗೆ ಈ ಎರಡಕ್ಷರ ಬರೆಯುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಜರ್ಮನರ ಭಾರಿ ಫಿರಂಗಿ ಷೆಲ್ಲುಗಳು ಬಂದು ಬೀಳತೊಡಗಿದಾಗ ಸೈನಿಕರು ಅವಕ್ಕೂ 'ಜಿಐ ಕ್ಯಾನ್' ಅಂದರು. ಮೇಲಿಂದ ಕಸದ ಡಬ್ಬಿ ಬೀಳುತ್ತಿದೆಯಂತೆ! ಸಾವಿನ ಬಾಯಲ್ಲಿ ನಿಂತವರ ಈ ಕುಚೋದ್ಯ ನಿಮ್ಮ ಲೇಖನದಲ್ಲಿ ಒಂದು ಕಡೆಯೂ ಇಲ್ಲ. 'ವೀರಯೋಧ' ಮಾತ್ರ ಹನ್ನೊಂದು ಸಲ ಇದೆ.

ಮುಂದೆ ಆ ಅಕ್ಷರಗಳು ಡಬ್ಬಿ ಬಿಟ್ಟು ಸೇನೆ ಕೊಡುವ ಸೋಪು, ಬೂಟುಗಳಿಗೂ ಹತ್ತಿದವು. ಸೋಪಿನಲ್ಲಿ ಎಲ್ಲಿಯ ಕಬ್ಬಿಣ? ಹಾಗಾಗಿ ಹೊಸ ಅರ್ಥ ಬೇಕಾಯಿತು, 'ಗವರ್ನಮೆಂಟ್ ಇಶ್ಯೂ' ಬಂದು ಕೂತಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಬೂಟಿನೊಳಗೆ ಕಾಲಿಟ್ಟವನೂ ಜಿಐ ಆಗಿದ್ದ. ನೀವು ಬರೆಯಬೇಕಾದ ಕಥೆ ಈ ಜಾರುವಿಕೆಯದು. ಸಾಮಾನಿನ ಹೆಸರು ಮನುಷ್ಯನಿಗೆ ಬಂತು ಎಂಬ ನಿಮ್ಮ ಸಂಕಟಕ್ಕೂ ಆಗ ಆಧಾರ ಸಿಗುತ್ತದೆ, ನೀವು ಅಳಬೇಕಾಗಿಲ್ಲ.

ಉಳಿದವು ಸಣ್ಣವು. 'ಜಿಐ ಜೋ' ಆಟಿಕೆಯಿಂದ ಹೆಸರು ಹಬ್ಬಿತು ಅಂದಿದ್ದೀರಿ. ಆಟಿಕೆ ಬಂದದ್ದು 1964ರಲ್ಲಿ. ಆ ಹೆಸರಿನ ವ್ಯಂಗ್ಯಚಿತ್ರಮಾಲೆ ಸೇನೆಯ ವಾರಪತ್ರಿಕೆ 'ಯಾಂಕ್'ನಲ್ಲಿ 1942ರಲ್ಲೇ ಬರುತ್ತಿತ್ತು. ಯುದ್ಧದಿಂದ ಮರಳಿದವರಿಗೆ ಕಾಲೇಜು ಓದಿಗೂ ಮನೆಸಾಲಕ್ಕೂ ನೆರವು ಕೊಟ್ಟ 1944ರ ಕಾಯ್ದೆಯನ್ನು ಜನ ಇಂದಿಗೂ 'ಜಿಐ ಬಿಲ್' ಅನ್ನುತ್ತಾರೆ. ಅದು ನಿಮ್ಮಲ್ಲಿ ಬಿಟ್ಟುಹೋಗಿದೆ. ಮರೀನ್‌ಗಳನ್ನು, ಅಂದರೆ ಸಮುದ್ರದಿಂದ ದಾಳಿಗಿಳಿಯುವ ಬೇರೆಯೇ ಪಡೆಯವರನ್ನು, ಜಿಐ ಅನ್ನಬೇಡಿ; ಆ ಹೆಸರು ಭೂಸೇನೆಯವರದು, ಮರೀನ್‌ಗಳು ಒಪ್ಪುವುದಿಲ್ಲ. ಕೊನೆಯ ಪುಟಕ್ಕೆ ನಮ್ಮ ಜವಾನರನ್ನು ಎಳೆದು ತಂದಿದ್ದೀರಿ, ಅದನ್ನು ಪೂರ್ತಿ ತೆಗೆಯಿರಿ. 'ಜವಾನ' ಪದದ ದಾರಿಯೇ ಬೇರೆ.

ತಿದ್ದಿ ಕಳಿಸಿ. ಎರಡು ಪುಟ ಮೀರದಿರಲಿ, ಅಪ್ಪನ ಅಂಗಡಿಯಿಂದ ಶುರು ಮಾಡಿ.